ಎಲೆ ಎತ್ತದೆ ಎರಡನೇ ಪಂಕ್ತಿ ಕೂರಿಸಬೇಡಿ!

ಮದುವೆ ಮನೆಯ ಊಟದ ಹಾಲ್‌ನಲ್ಲಿ ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತಾ ಕುರ್ಚಿಗಳ ಹಿಂದೆ ನಿಲ್ಲುವವರನ್ನು ನೀವು ನೋಡಿರುತ್ತೀರಿ. ಎಷ್ಟೇ ಹಸಿವಾಗಿದ್ದರೂ, ಬಸ್ಸಿಗೆ ಎಷ್ಟೇ ಹೊತ್ತಾಗಿದ್ದರೂ ಇನ್ನೊಬ್ಬರು ಉಂಡ ಎಲೆಯ ಮುಂದೆ ಯಾರೂ ಕೂರುವುದಿಲ್ಲ. ಎಲೆ ಎತ್ತಬೇಕು, ಟೇಬಲ್ ಮೇಲಿನ ಪೇಪರ್ ಸುತ್ತಿ ತೆಗೆದು ಹೊಸದು ಹಾಸಬೇಕು, ಆಮೇಲೆಯೇ ಉಪ್ಪು, ಕೋಸಂಬರಿ. ಇಷ್ಟು ಸರಳ ವಿಷಯ ನಮ್ಮ ಕಂಪ್ಯೂಟರ್ ಲ್ಯಾಬ್‌ಗಳಿಗೆ ಮಾತ್ರ ಇನ್ನೂ ತಲುಪಿಲ್ಲ. ಬೆಳಗಿನ ಬ್ಯಾಚ್ ಉಂಡುಬಿಟ್ಟ ಎಲೆಯಲ್ಲೇ ಮಧ್ಯಾಹ್ನದ ಬ್ಯಾಚ್ ಊಟ ಮುಗಿಸುತ್ತದೆ. ರುಚಿ ಕೆಟ್ಟರೆ ಅಡುಗೆ ಸರಿಯಿಲ್ಲ ಎಂದುಕೊಳ್ಳುತ್ತದೆ!

ನಾನು ಬಿಇ ಓದುತ್ತಿರುವ ವಿದ್ಯಾರ್ಥಿನಿ. ಕಳೆದ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ ಲ್ಯಾಬ್ ಇತ್ತು. ಅಲ್ಲಿ ಕಲಿತದ್ದರಲ್ಲಿ ಸಿಲಬಸ್‌ನಲ್ಲಿ ಇಲ್ಲದ, ಪರೀಕ್ಷೆಯಲ್ಲಿ ಯಾರೂ ಕೇಳದ ಒಂದು ಪಾಠವನ್ನು ಇಲ್ಲಿ ಹೇಳಬೇಕು.

ಡಬ್ಬಿಯಿಲ್ಲದ ಸ್ವಿಚ್

ನೆಟ್‌ವರ್ಕ್ ಸ್ವಿಚ್ ಎಂದರೆ ಗೊತ್ತಲ್ಲ? ಆಫೀಸು, ಸೈಬರ್ ಸೆಂಟರ್‌ಗಳ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತಾ ಕೂತಿರುವ, ಹತ್ತಾರು ಕೇಬಲ್ ಚುಚ್ಚಿಸಿಕೊಂಡ ಡಬ್ಬಿ. ಯಾವ ಕಂಪ್ಯೂಟರ್‌ನಿಂದ ಬಂದ ಸಂದೇಶ ಯಾವ ಕಂಪ್ಯೂಟರ್‌ಗೆ ಹೋಗಬೇಕೆಂದು ನೋಡಿ ಕಳಿಸುವುದು ಅದರ ಕೆಲಸ. ಆದರೆ ಇಂದಿನ ಡೇಟಾ ಸೆಂಟರ್‌ಗಳಲ್ಲಿ ಒಂದೇ ಯಂತ್ರದೊಳಗೆ ಹತ್ತಾರು ವರ್ಚುವಲ್ ಕಂಪ್ಯೂಟರ್‌ಗಳು ಇರುತ್ತವೆ. ಅವು ತಮ್ಮತಮ್ಮಲ್ಲಿ ಮಾತಾಡಲು ಡಬ್ಬಿಯನ್ನು ಒಳಗೆ ಇಡಲಾಗುತ್ತದೆಯೇ? ಅದಕ್ಕೇ ಸ್ವಿಚ್ಚನ್ನೂ ಸಾಫ್ಟ್‌ವೇರ್ ಮಾಡಿಬಿಟ್ಟರು.

ಇಂಥ ಸಾಫ್ಟ್‌ವೇರ್ ಸ್ವಿಚ್‌ಗಳಲ್ಲಿ ಹೆಸರಾದದ್ದು ಓಪನ್ ವಿಸ್ವಿಚ್. 2007ರಲ್ಲಿ ಮಾರ್ಟಿನ್ ಕಸಾಡೊ, ನಿಕ್ ಮೆಕ್‌ಕಿಯೋನ್ ಮತ್ತು ಸ್ಕಾಟ್ ಶೆಂಕರ್ ಅಮೆರಿಕದಲ್ಲಿ ಕಟ್ಟಿದ ನಿಸಿರಾ ಎಂಬ ಕಂಪನಿಯಲ್ಲಿ ಇದು ಹುಟ್ಟಿತು. 2012ರಲ್ಲಿ ಲಿನಕ್ಸ್ 3.3ರ ಕರ್ನಲ್‌ನೊಳಗೇ ಇದರ ಭಾಗ ಸೇರಿತು. ಅದೇ ವರ್ಷ ವಿಎಂವೇರ್ ಸುಮಾರು 126 ಕೋಟಿ ಡಾಲರ್‌ಗೆ ನಿಸಿರಾವನ್ನು ಕೊಂಡಿತು. 2016ರಿಂದ ಈ ಯೋಜನೆ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿದೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಬಳಸಬಹುದು.

ನಮ್ಮಂಥ ವಿದ್ಯಾರ್ಥಿಗಳಿಗೆ ಇದು ವರ. ನಿಜವಾದ ಸ್ವಿಚ್ಚು, ರೂಟರ್ ಕೊಂಡು ಪ್ರಯೋಗ ಮಾಡುವ ಶಕ್ತಿ ಎಷ್ಟು ಜನರಿಗಿದೆ? ಈಗ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಲಿನಕ್ಸ್‌ನಲ್ಲಿ ‘ನೆಟ್‌ವರ್ಕ್ ನೇಮ್‌ಸ್ಪೇಸ್’ ಎಂಬ ಸೌಲಭ್ಯವಿದೆ. ಒಂದೇ ಸೂರಿನಡಿ ಇದ್ದುಕೊಂಡೇ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದಂತೆ, ಒಂದೇ ಕಂಪ್ಯೂಟರ್‌ನೊಳಗೆ ಪ್ರತ್ಯೇಕ ವಿಳಾಸ, ಪ್ರತ್ಯೇಕ ದಾರಿಗಳಿರುವ ಹಲವು ನೆಟ್‌ವರ್ಕ್‌ಗಳು. ಅವನ್ನು ಸ್ವಿಚ್‌ಗೆ ಜೋಡಿಸಲು ‘ವೆತ್’ ಎಂಬ ಹುಸಿ ಕೇಬಲ್. ಅದಕ್ಕೆ ಎರಡು ತುದಿ. ಈ ತುದಿಯಲ್ಲಿ ಹಾಕಿದ್ದು ಆ ತುದಿಯಲ್ಲಿ ಬರುತ್ತದೆ. ಇದನ್ನೆಲ್ಲ ಒಂದೇ ಕಮಾಂಡ್‌ನಲ್ಲಿ ಕಟ್ಟಿಕೊಡುವ ಮಿನಿನೆಟ್ ಎಂಬ ಸಾಧನವೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಾಬ್ ಲ್ಯಾಂಟ್ಜ್ ಮತ್ತು ಸಂಗಡಿಗರು ರೂಪಿಸಿ, 2010ರಲ್ಲಿ ಪ್ರಬಂಧ ಮಂಡಿಸಿದ್ದು.

ಕಟ್ಟುವುದು ಇಷ್ಟು ಸುಲಭ. ಕೆಡವುವುದು? ತೊಂದರೆ ಶುರುವಾಗುವುದೇ ಅಲ್ಲಿ.

ಇಲ್ಲದ ಫೈಲ್‌ಗಾಗಿ ಹುಡುಕಾಟ

ನಮ್ಮ ಕ್ಲಾಸಿನಲ್ಲಿ ಎರಡು ಬ್ಯಾಚ್. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಒಂದು, ಎರಡು ಗಂಟೆಯಿಂದ ಇನ್ನೊಂದು. ಕಂಪ್ಯೂಟರ್‌ಗಳು ಮಾತ್ರ ಅವೇ. ಮಧ್ಯಾಹ್ನದ ಬ್ಯಾಚ್‌ನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಹಳ ಜಾಗ್ರತೆಯ ಹುಡುಗಿ. ಹಿಂದಿನ ರಾತ್ರಿಯೇ ಹಾಸ್ಟೆಲ್‌ನಲ್ಲಿ ಸ್ಕ್ರಿಪ್ಟ್ ಬರೆದು ಸಾಲು ಸಾಲಾಗಿ ಪರೀಕ್ಷಿಸಿಕೊಂಡು ಬಂದಿದ್ದಳು.

ಲ್ಯಾಬ್‌ನಲ್ಲಿ ಓಡಿಸಿದರೆ ಪರದೆಯ ಮೇಲೆ ಒಂದೇ ಸಂದೇಶ: ‘ಫೈಲ್ ಎಕ್ಸಿಸ್ಟ್ಸ್’. ಅಂದರೆ ಆ ಕಡತ ಆಗಲೇ ಇದೆ. ಅವಳು ಯಾವ ಕಡತವನ್ನೂ ಸೃಷ್ಟಿಸಿರಲಿಲ್ಲ. ಆದರೂ ತನ್ನ ಫೋಲ್ಡರ್‌ಗಳನ್ನೆಲ್ಲ ಜಾಲಾಡಿದಳು. ಹೆಸರು ಬದಲಿಸಿದಳು, ಸ್ಕ್ರಿಪ್ಟ್ ಅಳಿಸಿ ಮತ್ತೆ ಟೈಪ್ ಮಾಡಿದಳು. ಒಂದೂವರೆ ಗಂಟೆ ಹೀಗೇ ಹೋಯಿತು. ಕೊನೆಗೆ ಮೌಸ್ ತಳ್ಳಿ, “ನಂಗೆ ಇದೆಲ್ಲ ಆಗಿಬರಲ್ಲ ಕಣೇ. ಮುಂದಿನ ಸೆಮ್‌ಗೆ ಕ್ಲೌಡ್ ಎಲೆಕ್ಟಿವ್ ತಗೊಳಲ್ಲ, ಬೇರೆ ಏನಾದ್ರೂ ನೋಡ್ತೀನಿ” ಅಂದಳು.

ಅವಳ ಸ್ಕ್ರಿಪ್ಟ್‌ನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಬೆಳಗಿನ ಬ್ಯಾಚ್‌ನವರು ಅದೇ ಪ್ರಯೋಗವನ್ನು ಅದೇ ಹೆಸರುಗಳಲ್ಲಿ ಮಾಡಿ, ಬೆಲ್ ಹೊಡೆದ ಕೂಡಲೇ ಹಾಗೇ ಎದ್ದು ಹೋಗಿದ್ದರು. ‘ಎಚ್1’ ಎಂಬ ನೇಮ್‌ಸ್ಪೇಸ್ ಆಗಲೇ ಇತ್ತು. ‘ಆ ಹೆಸರಿನದ್ದು ಒಂದಿದೆ, ಮತ್ತೊಂದು ಮಾಡಲಾರೆ’ ಎನ್ನಬೇಕಾದ ಕಡೆಯಲ್ಲೆಲ್ಲ ಲಿನಕ್ಸ್ ‘ಫೈಲ್ ಎಕ್ಸಿಸ್ಟ್ಸ್’ ಎಂಬ ಒಂದೇ ಮಾತನ್ನು ಆಡುತ್ತದೆ. ನೇಮ್‌ಸ್ಪೇಸ್‌ಗಳ ಪಟ್ಟಿ ಕೇಳುವ ಒಂದು ಕಮಾಂಡ್ ಕೊಟ್ಟಿದ್ದರೆ ಹತ್ತು ಸೆಕೆಂಡ್‌ನಲ್ಲಿ ಗೊತ್ತಾಗುತ್ತಿತ್ತು. ಆದರೆ ಅದನ್ನು ಮೊದಲು ನೋಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಅನುಭವಸ್ಥ ಎಂಜಿನಿಯರ್ ಆದರೆ ದೋಷ ಬಂದಾಗ ಮೊದಲು ಯಂತ್ರವನ್ನು ಅನುಮಾನಿಸುತ್ತಾರೆ. ಹೊಸದಾಗಿ ಕಲಿಯುವವರು ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ. ಇನ್ನೊಬ್ಬರು ಬಿಟ್ಟುಹೋದ ಕಸ ಒಬ್ಬ ಹುಡುಗಿಯ ಆತ್ಮವಿಶ್ವಾಸವನ್ನು ಒಂದೇ ಮಧ್ಯಾಹ್ನದಲ್ಲಿ ತಿಂದುಹಾಕಿತ್ತು.

ರೀಸ್ಟಾರ್ಟ್ ಮಾಡಿದರೂ ಹೋಗದ ನೆನಪು

ಲ್ಯಾಬ್ ಇನ್‌ಸ್ಟ್ರಕ್ಟರ್ ಬಂದವರೇ ಎಲ್ಲರಿಗೂ ಗೊತ್ತಿರುವ ಮದ್ದು ಹೇಳಿದರು. “ರೀಸ್ಟಾರ್ಟ್ ಮಾಡಮ್ಮ, ಸರಿಹೋಗತ್ತೆ.” ಮಾಡಿದೆವು. ಹಳೆಯ ದೋಷ ಹೋಯಿತು, ಹೊಸದೊಂದು ಬಂತು. ‘ಬಿಆರ್0 ಎಂಬ ಬ್ರಿಡ್ಜ್ ಆಗಲೇ ಇದೆ’ ಎಂದಿತು ಓಪನ್ ವಿಸ್ವಿಚ್.

ನನಗೆ ಕುತೂಹಲ ಹುಟ್ಟಿದ್ದು ಇಲ್ಲಿ. ಕಂಪ್ಯೂಟರ್ ಆರಿ ಹೊತ್ತಿದ ಮೇಲೂ ಇದು ಹೇಗೆ ಉಳಿಯಿತು? ಓದುತ್ತಾ ಹೋದಂತೆ ಕಾರಣ ತಿಳಿಯಿತು. ನೇಮ್‌ಸ್ಪೇಸ್, ವೆತ್ ಕೇಬಲ್‌ಗಳು ಇರುವುದು ಕರ್ನಲ್‌ನ ಮೆಮೊರಿಯಲ್ಲಿ. ಕರೆಂಟು ಹೋದರೆ ಅವೂ ಹೋದವು. ಓಪನ್ ವಿಸ್ವಿಚ್ ಹಾಗಲ್ಲ. ಯಾವ ಬ್ರಿಡ್ಜ್ ಇದೆ, ಅದಕ್ಕೆ ಯಾವ ಪೋರ್ಟ್ ಸೇರಿದೆ ಎಂಬುದನ್ನೆಲ್ಲ ಅದು ಡಿಸ್ಕ್‌ನಲ್ಲಿರುವ ಒಂದು ಪುಟ್ಟ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಯಂತ್ರ ಮತ್ತೆ ಎದ್ದಾಗ ಆ ಲೆಕ್ಕ ಓದಿ ಎಲ್ಲವನ್ನೂ ಮತ್ತೆ ಕಟ್ಟುತ್ತದೆ.

ಡೇಟಾ ಸೆಂಟರ್‌ಗೆ ಇದು ಬೇಕೇಬೇಕು. ನಡುರಾತ್ರಿ ಸರ್ವರ್ ರೀಸ್ಟಾರ್ಟ್ ಆದರೆ ಸ್ವಿಚ್ ತಾನಾಗಿಯೇ ಎದ್ದು ಕೂರಬೇಕು. ಅದೇ ಗುಣ ಪ್ರಯೋಗಶಾಲೆಯಲ್ಲಿ ಕಾಡುತ್ತದೆ. ಬ್ರಿಡ್ಜ್ ಮರಳಿ ಬರುತ್ತದೆ. ಅದಕ್ಕೆ ಜೋಡಿಸಿದ್ದ ಕೇಬಲ್‌ಗಳು ಬರುವುದಿಲ್ಲ. ಡೇಟಾಬೇಸ್ ತೋರಿಸಿ ಎಂದರೆ ಪೋರ್ಟ್‌ಗಳ ಪಕ್ಕದಲ್ಲಿ ‘ಇಂಥ ಸಾಧನ ಇಲ್ಲ’ ಎಂಬ ದೂರು. ಬಾಡಿಗೆದಾರರು ಖಾಲಿ ಮಾಡಿ ಹೋದರೂ ಬಾಗಿಲ ಮೇಲೆ ಅವರ ಹೆಸರಿನ ಫಲಕ ಉಳಿದಂತೆ.

ಸೋಲಿಗಿಂತ ಕೆಟ್ಟದ್ದು ಸುಳ್ಳು ಗೆಲುವು

ಈ ದೋಷದ ಕಾಟ ತಪ್ಪಿಸಲು ಯಾರೋ ಒಬ್ಬರು ಲ್ಯಾಬ್‌ನ ಮೂಲ ಸ್ಕ್ರಿಪ್ಟ್‌ಗೆ ‘ಮೇ ಎಕ್ಸಿಸ್ಟ್’ ಎಂಬ ಆಯ್ಕೆ ಸೇರಿಸಿದರು. ಬ್ರಿಡ್ಜ್ ಆಗಲೇ ಇದ್ದರೆ ಇರಲಿ, ತಕರಾರು ಮಾಡಬೇಡ ಎಂದು ಅದರ ಅರ್ಥ. ಉಳಿದ ಸಾಲುಗಳ ದೋಷ ಸಂದೇಶಗಳೂ ಕಾಣದಂತೆ ಮಾಡಿದರು. ಕೆಂಪು ಅಕ್ಷರಗಳು ಮಾಯ. ಎಲ್ಲರಿಗೂ ಖುಷಿ.

ಎರಡು ವಾರದ ನಂತರದ ಪ್ರಯೋಗ ಹೀಗಿತ್ತು: ಮೂರು ಕಂಪ್ಯೂಟರ್‌ಗಳಲ್ಲಿ ಮೊದಲನೆಯದು ಮೂರನೆಯದನ್ನು ತಲುಪಬಾರದು, ಉಳಿದ ಸಂಚಾರ ನಡೆಯಬೇಕು. ಇದಕ್ಕೆ ಸ್ವಿಚ್‌ನಲ್ಲಿ ಒಂದು ‘ಫ್ಲೋ’ ನಿಯಮ ಹಾಕಬೇಕು. ನಮ್ಮ ಬ್ಯಾಚ್‌ನ ಒಬ್ಬ ಹುಡುಗ ನಿಯಮ ಬರೆದ, ಪಿಂಗ್ ಮಾಡಿದ. ಮೊದಲನೆಯದರಿಂದ ಮೂರನೆಯದಕ್ಕೆ ಉತ್ತರ ಬರಲಿಲ್ಲ. ಅಂದರೆ ಪ್ರಯೋಗ ಯಶಸ್ವಿ. ಇನ್ನೇನು ಸಹಿ ಬೀಳಬೇಕು, ಅಷ್ಟರಲ್ಲಿ ನನ್ನ ಗೆಳತಿ, ಅದೇ ‘ಆಗಿಬರಲ್ಲ’ ಎಂದಿದ್ದವಳು, ಅವನ ಪರದೆ ನೋಡಿ “ಆ ಫ್ಲೋ ಪಟ್ಟಿ ಒಮ್ಮೆ ತೋರ್ಸೋ” ಅಂದಳು.

ಪಟ್ಟಿಯಲ್ಲಿ ಎರಡು ತಡೆ ನಿಯಮಗಳಿದ್ದವು. ಅವನು ಬರೆದದ್ದರಲ್ಲಿ 10.0.0.1 ಎಂದಿರಬೇಕಾದ ಕಡೆ 10.0.0.11 ಎಂದಿತ್ತು. ಅದು ತಡೆದ ಪ್ಯಾಕೆಟ್‌ಗಳ ಸಂಖ್ಯೆ ಸೊನ್ನೆ. ಇನ್ನೊಂದು ಸರಿಯಾದ ನಿಯಮ. ಅದರ ವಯಸ್ಸು ಸುಮಾರು 11,000 ಸೆಕೆಂಡ್ ಎಂದು ತೋರಿಸುತ್ತಿತ್ತು. ಅಂದರೆ ಮೂರು ಗಂಟೆಗೂ ಹೆಚ್ಚು. ಆಗ ಸಮಯ ಎರಡೂ ನಲವತ್ತು. ನಾವು ಲ್ಯಾಬ್‌ಗೆ ಬಂದು ನಲವತ್ತೇ ನಿಮಿಷ. ಬೆಳಿಗ್ಗೆ ಯಾರೋ ಹಾಕಿದ್ದ ನಿಯಮ ಇನ್ನೂ ಕೆಲಸ ಮಾಡುತ್ತಿತ್ತು!

ಹೊಸ ನಿಯಮ ಸೇರಿಸಿದ ಮಾತ್ರಕ್ಕೆ ಹಳೆಯದು ಅಳಿಯುವುದಿಲ್ಲ. ಬ್ರಿಡ್ಜ್ ಅಳಿಸುವವರೆಗೆ, ನಿಯಮಗಳನ್ನು ತೆಗೆಯುವವರೆಗೆ ಅಥವಾ ಸ್ವಿಚ್ ನಿಲ್ಲುವವರೆಗೆ ಅದು ಅಲ್ಲೇ ಇರುತ್ತದೆ, ಅವಧಿ ನಿಗದಿ ಮಾಡಿದ್ದರೆ ಮಾತು ಬೇರೆ. ಬಾಗಿಲು ಬಡಿದು ಎಚ್ಚರಿಸುತ್ತಿದ್ದ ದೋಷ ಸಂದೇಶವನ್ನು ಬಾಯಿ ಮುಚ್ಚಿಸಿದ್ದರಿಂದ ಕಸ ಹೋಗಲಿಲ್ಲ, ಕಣ್ಣಿಗೆ ಬೀಳದಾಯಿತು ಅಷ್ಟೆ. ಮೊದಲು ಸರಿಯಾದ ಕೆಲಸ ಫೇಲ್ ಆಗುತ್ತಿತ್ತು. ಈಗ ತಪ್ಪು ಕೆಲಸ ಪಾಸ್ ಆಗತೊಡಗಿತು. ಲ್ಯಾಬ್‌ನಲ್ಲಿ ಹೋಗುವುದು ಎರಡು ಅಂಕ. ನಾಳೆ ಇದೇ ನಿಯಮ ಒಂದು ಬ್ಯಾಂಕಿನ ಸರ್ವರ್‌ಗೆ ಕಾವಲು ನಿಂತಿದ್ದರೆ?

ಪೊರಕೆಯೂ ಅತಿಯಾದರೆ

ಹಾಗಾದರೆ ಎಲ್ಲವನ್ನೂ ಅಳಿಸಿಬಿಟ್ಟರಾಯಿತಲ್ಲ ಅನ್ನಿಸಬಹುದು. ಮಿನಿನೆಟ್‌ನಲ್ಲಿ ಅದಕ್ಕೊಂದು ಕಮಾಂಡ್ ಇದೆ. ನಾವೆಲ್ಲ ‘ಎಂಎನ್ ಮೈನಸ್ ಸಿ’ ಎನ್ನುತ್ತೇವೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಇದಕ್ಕಿಂತ ಒಳ್ಳೆಯ ಪೊರಕೆ ಇಲ್ಲ.

ಆದರೆ ಅದಕ್ಕೆ ನಿಮ್ಮದು, ನಿಮ್ಮ ಪಕ್ಕದವರದು ಎಂಬ ಭೇದ ಇಲ್ಲ. ಓಪನ್ ವಿಸ್ವಿಚ್‌ನಲ್ಲಿರುವ ಬ್ರಿಡ್ಜ್‌ಗಳ ಪಟ್ಟಿ ತೆಗೆದು ಎಲ್ಲವನ್ನೂ ಅಳಿಸುತ್ತದೆ. ಓಡುತ್ತಿರುವ ಪಿಂಗ್‌ಗಳನ್ನು, ತನಗೆ ಗೊತ್ತಿರುವ ಕಂಟ್ರೋಲರ್‌ಗಳನ್ನು ಕೊಲ್ಲುತ್ತದೆ. ಟೆಂಪ್ ಫೋಲ್ಡರ್‌ನಲ್ಲಿ ‘ಲಾಗ್’, ‘ಔಟ್’ ಎಂದು ಕೊನೆಯಾಗುವ ಕಡತಗಳನ್ನೂ ಗುಡಿಸಿಬಿಡುತ್ತದೆ. ನಮ್ಮ ವಿಭಾಗದ ಸರ್ವರ್ ಅನ್ನು ಫೈನಲ್ ಇಯರ್‌ನವರೂ ಹಂಚಿಕೊಂಡು ಬಳಸುತ್ತಾರೆ. ಯಾರೋ ಒಬ್ಬರು ಅದರಲ್ಲಿ ಈ ಕಮಾಂಡ್ ಕೊಟ್ಟರು. ಒಬ್ಬ ಸೀನಿಯರ್ ಅಕ್ಕನ ಪ್ರಾಜೆಕ್ಟ್‌ನ ಅಳತೆಗಳ ಲಾಗ್‌ಗಳೆಲ್ಲ ಟೆಂಪ್ ಫೋಲ್ಡರ್‌ನಲ್ಲಿದ್ದವು. ರಿವ್ಯೂಗೆ ಮೂರು ದಿನ ಬಾಕಿ. ಅವರು ಎರಡು ರಾತ್ರಿ ಕೂತು ಎಲ್ಲ ಅಳತೆಗಳನ್ನೂ ಮತ್ತೆ ತೆಗೆಯಬೇಕಾಯಿತು.

ಕಸ ಬಿಡುವುದೂ ತಪ್ಪು, ಕಂಡದ್ದನ್ನೆಲ್ಲ ಗುಡಿಸುವುದೂ ತಪ್ಪು. ಯಾವುದು ನಮ್ಮದೋ ಅದನ್ನು ಮಾತ್ರ, ಪೂರ್ತಿಯಾಗಿ ತೆಗೆಯಬೇಕು.

ಕಟ್ಟಿದವರು ಹೇಗೆ ಗುಡಿಸುತ್ತಾರೆ?

ಓಪನ್ ವಿಸ್ವಿಚ್ ಅನ್ನು ಬರೆಯುವವರು ಈ ಸಮಸ್ಯೆಯನ್ನು ಹೇಗೆ ನಿಭಾಯಿಸುತ್ತಾರೆ ಎಂದು ನೋಡಲು ಅವರ ಪರೀಕ್ಷಾ ಕೋಡ್ ತೆರೆದು ಕೂತೆ. ಮುಕ್ತ ಸಾಫ್ಟ್‌ವೇರ್‌ನ ದೊಡ್ಡ ಲಾಭ ಇದು. ಯಾರ ಅಪ್ಪಣೆಯೂ ಬೇಡ, ಅಡುಗೆಮನೆಗೇ ಹೋಗಿ ನೋಡಬಹುದು.

ಅವರ ಪರೀಕ್ಷೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ನಿಜವಾದ ಕರ್ನಲ್ ಮುಟ್ಟದೆ, ಹುಸಿ ಸಾಧನಗಳ ಮೇಲೆ, ಪ್ರತಿ ಪರೀಕ್ಷೆಗೂ ಬೇರೆ ಫೋಲ್ಡರ್ ಕೊಟ್ಟು ಓಡಿಸುತ್ತಾರೆ. ಇನ್ನೊಂದು ನಿಜವಾದ ಕರ್ನಲ್ ಮೇಲೆ ರೂಟ್ ಅಧಿಕಾರದಲ್ಲಿ ಓಡುತ್ತದೆ. ಕಸ ಉಳಿಯುವ ಅಪಾಯ ಹೆಚ್ಚು ಇರುವುದು ಈ ಎರಡನೆಯದರಲ್ಲಿ.

ಅಲ್ಲಿ ನನಗೆ ತುಂಬ ಇಷ್ಟವಾದದ್ದು ‘ಆನ್ ಎಕ್ಸಿಟ್’ ಎಂಬ ಪುಟ್ಟ ಸೌಲಭ್ಯ. ಪರೀಕ್ಷೆಯಲ್ಲಿ ಏನನ್ನಾದರೂ ಶುರು ಮಾಡಿದರೆ, ಅದನ್ನು ನಿಲ್ಲಿಸುವ ಸಾಲನ್ನೂ ಅಲ್ಲೇ ಬರೆದಿಡುತ್ತಾರೆ. ಪರೀಕ್ಷೆ ಪಾಸಾಗಲಿ, ನಡುವೆ ಮುಗ್ಗರಿಸಲಿ, ಕೊನೆಯಲ್ಲಿ ಆ ಸಾಲುಗಳು ಓಡುತ್ತವೆ. ಅದೂ ಹಿಂದಿನಿಂದ ಮುಂದಕ್ಕೆ. ಕೊನೆಗೆ ಸೇರಿಸಿದ್ದು ಮೊದಲು ಓಡುತ್ತದೆ. ಪೆಂಡಾಲ್ ಬಿಚ್ಚುವಾಗ ಮೊದಲು ಮೇಲಿನ ಬಟ್ಟೆ, ಆಮೇಲೆ ಅಡ್ಡಗಳು, ಕೊನೆಗೆ ಕಂಬ ತೆಗೆಯುತ್ತಾರಲ್ಲ, ಹಾಗೆ.

ಈ ಕ್ರಮಕ್ಕೆ ಕಾರಣವಿದೆ. ನೇಮ್‌ಸ್ಪೇಸ್‌ನೊಳಗೆ ಒಂದು ಪ್ರೋಗ್ರಾಂ ಓಡುತ್ತಿರುವಾಗ ನೇಮ್‌ಸ್ಪೇಸ್ ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಒಳಗಿನ ಜೀವ ಹೋಗುವುದಿಲ್ಲ. ಬ್ರಿಡ್ಜ್‌ನಿಂದ ಬಿಡಿಸದೆ ಕೇಬಲ್ ಕಿತ್ತರೆ ಡೇಟಾಬೇಸ್‌ನಲ್ಲಿ ಸತ್ತ ಪೋರ್ಟ್ ಉಳಿಯುತ್ತದೆ. ಆದ್ದರಿಂದ ಮೊದಲು ಓಡುತ್ತಿರುವ ಪ್ರೋಗ್ರಾಂಗಳು, ಆಮೇಲೆ ಬ್ರಿಡ್ಜ್, ಕೊನೆಗೆ ನೇಮ್‌ಸ್ಪೇಸ್. ನೇಮ್‌ಸ್ಪೇಸ್ ಹೋದರೆ ಅದರೊಳಗಿದ್ದ ವೆತ್ ತುದಿ ಹೋಗುತ್ತದೆ. ಒಂದು ತುದಿ ಹೋದರೆ ಇನ್ನೊಂದೂ ತಾನಾಗಿ ಹೋಗುತ್ತದೆ.

ಅವರು ಕೊನೆಯಲ್ಲಷ್ಟೇ ಗುಡಿಸುವುದಿಲ್ಲ. ನೇಮ್‌ಸ್ಪೇಸ್ ಸೃಷ್ಟಿಸುವ ಮೊದಲೂ ಅದೇ ಹೆಸರಿನ ಹಳೆಯದು ಇದ್ದರೆ ತೆಗೆದುಹಾಕುತ್ತಾರೆ. ಸ್ವಿಚ್ ನಿಲ್ಲಿಸುವಾಗ ಲಾಗ್ ಓದಿ, ನಿರೀಕ್ಷಿಸದ ಎಚ್ಚರಿಕೆ ಒಂದಿದ್ದರೂ ಪರೀಕ್ಷೆಯನ್ನು ಫೇಲ್ ಮಾಡುತ್ತಾರೆ. ಪಾಸಾದ ಪರೀಕ್ಷೆಯ ಫೋಲ್ಡರ್ ಅಳಿದುಹೋಗುತ್ತದೆ, ಫೇಲಾದದ್ದರ ಫೋಲ್ಡರ್ ಲಾಗ್ ಸಮೇತ ಉಳಿಯುತ್ತದೆ. ಏಕೆಂದರೆ ಅದು ಕಸವಲ್ಲ, ಸಾಕ್ಷಿ.

ನಾವು ಮಾಡಿಕೊಂಡ ನಿಯಮ

ನಾನು ಮತ್ತು ಗೆಳತಿ ಇದನ್ನೆಲ್ಲ ಓದಿ ನಮ್ಮ ಲ್ಯಾಬ್‌ಗೆ ಒಗ್ಗುವ ಐದು ನಿಯಮ ಮಾಡಿಕೊಂಡೆವು. ನಿಮ್ಮ ಕಾಲೇಜಿನಲ್ಲೂ ಉಪಯೋಗಕ್ಕೆ ಬರಬಹುದು.

ಒಂದು, ಹೆಸರು. ನಮ್ಮ ಬ್ರಿಡ್ಜ್, ಕೇಬಲ್, ನೇಮ್‌ಸ್ಪೇಸ್‌ಗಳ ಹೆಸರೆಲ್ಲ ನಮ್ಮ ಯುಎಸ್‌ಎನ್‌ನ ಕೊನೆಯ ಮೂರು ಅಂಕಿಯೊಂದಿಗೆ ಮುಗಿಯಬೇಕು. ಯಾರದು ಎಂದು ಕೇಳುವ ಪ್ರಶ್ನೆಯೇ ಇಲ್ಲ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಹೆಸರು 15 ಅಕ್ಷರ ದಾಟುವಂತಿಲ್ಲ. ಹಾಗಾಗಿ ಚಿಕ್ಕ ಹೆಸರೇ ಇರಲಿ.

ಎರಡು, ಜೋಡಿ ಸಾಲು. ಸೃಷ್ಟಿಸುವ ಸಾಲು ಬರೆಯುವಾಗಲೇ ಅಳಿಸುವ ಸಾಲನ್ನೂ ಬರೆಯಬೇಕು. ಶೆಲ್ ಸ್ಕ್ರಿಪ್ಟ್‌ನಲ್ಲಿ ‘ಟ್ರ್ಯಾಪ್’ ಬಳಸಿದರೆ ಸ್ಕ್ರಿಪ್ಟ್ ನಡುವೆ ನಿಂತರೂ ಅವು ಓಡುತ್ತವೆ.

ಮೂರು, ಮೊದಲೂ ಗುಡಿಸು. ಕರೆಂಟು ಹೋದರೆ ಅಥವಾ ಯಾರಾದರೂ ‘ಕಿಲ್ ಮೈನಸ್ ನೈನ್’ ಕೊಟ್ಟರೆ ಯಾವ ಟ್ರ್ಯಾಪೂ ಓಡುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್‌ನ ಆರಂಭದಲ್ಲೂ ‘ಇದ್ದರೆ ಅಳಿಸು’ ಎಂಬ ಸಾಲುಗಳಿರಲಿ. ಸೃಷ್ಟಿಸುವಾಗ ಮಾತ್ರ ‘ಇದ್ದರೆ ಇರಲಿ’ ಬೇಡ.

ನಾಲ್ಕು, ಲೆಕ್ಕ. ಪ್ರಯೋಗದ ಮೊದಲು ಮತ್ತು ನಂತರ ಬ್ರಿಡ್ಜ್, ನೇಮ್‌ಸ್ಪೇಸ್, ಇಂಟರ್‌ಫೇಸ್‌ಗಳ ಪಟ್ಟಿ ತೆಗೆದು ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಎದ್ದು ಹೋಗಬಹುದು.

ಐದು, ಫೇಲಾದಾಗ ಅವಸರ ಬೇಡ. ಲಾಗ್, ಫ್ಲೋ ಪಟ್ಟಿಗಳನ್ನು ನಮ್ಮ ಫೋಲ್ಡರ್‌ಗೆ ತೆಗೆದಿಟ್ಟುಕೊಂಡು ಆಮೇಲೆ ಗುಡಿಸಬೇಕು.

ನಾಲ್ಕನೆಯ ನಿಯಮಕ್ಕೆ ಗೆಳತಿಯೇ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಳು. ಇಪ್ಪತ್ತು ಸಾಲೂ ಇಲ್ಲ. ಇನ್‌ಸ್ಟ್ರಕ್ಟರ್ ಅದನ್ನು ಲ್ಯಾಬ್‌ನ ಎಲ್ಲ ಯಂತ್ರಗಳಿಗೂ ಹಾಕಿಸಿದರು. ಈಗ ಬೆಳಗಿನ ಬ್ಯಾಚ್‌ನವರು ಅದನ್ನು ಓಡಿಸಿಯೇ ಹೊರಡುತ್ತಾರೆ. ಏನಾದರೂ ಉಳಿದಿದ್ದರೆ ಅದರ ಬಾಲದಲ್ಲಿ ಯುಎಸ್‌ಎನ್ ಇರುವುದರಿಂದ ತಪ್ಪಿಸಿಕೊಳ್ಳುವಂತಿಲ್ಲ ನೋಡಿ! ಅಂದಹಾಗೆ, ಅವಳು ಕ್ಲೌಡ್ ಎಲೆಕ್ಟಿವ್ ತೆಗೆದುಕೊಂಡಿದ್ದಾಳೆ.

ರೆಕಾರ್ಡ್ ಪುಸ್ತಕದಲ್ಲಿ ಒಂದು ಸಾಲು

ಪಿಯುಸಿಯಲ್ಲಿ ಟೈಟ್ರೇಶನ್ ಮಾಡಿದವರಿಗೆ ನೆನಪಿರಬಹುದು. ಬ್ಯೂರೆಟ್ ತೊಳೆದು, ತುಂಬಬೇಕಾದ ದ್ರಾವಣದಿಂದಲೇ ಒಮ್ಮೆ ರಿನ್ಸ್ ಮಾಡದೆ ಮುಂದುವರಿದರೆ ಲೆಕ್ಚರರ್ ಬೈಯುತ್ತಿದ್ದರು. ಹಿಂದಿನವರ ಹನಿಯೊಂದು ಉಳಿದಿದ್ದರೂ ರೀಡಿಂಗ್ ಕೆಡುತ್ತದೆ ಎಂದು ಹದಿನೇಳನೇ ವಯಸ್ಸಿಗೇ ಕಲಿತಿದ್ದೆವು. ಆದರೆ ಎಂಜಿನಿಯರಿಂಗ್ ಲ್ಯಾಬ್‌ನ ನಮ್ಮ ರೆಕಾರ್ಡ್‌ನಲ್ಲಿ ಉದ್ದೇಶ, ವಿಧಾನ, ಪ್ರೋಗ್ರಾಂ, ಔಟ್‌ಪುಟ್ ಇಷ್ಟೇ ಇರುತ್ತದೆ. ಔಟ್‌ಪುಟ್ ಬಂತು ಎಂದರೆ ಮುಗಿಯಿತು. ಯಂತ್ರವನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿರಿ ಎಂದು ವೈವಾದಲ್ಲೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಸೀನಿಯರ್ ಒಬ್ಬರು ಹೇಳುತ್ತಿದ್ದರು: ಆಫೀಸಿನಲ್ಲೂ ರಾತ್ರಿಯಿಡೀ ಪರೀಕ್ಷೆಗಳು ಓಡುತ್ತವೆ, ಕೆಲವು ಒಮ್ಮೆ ಪಾಸು, ಒಮ್ಮೆ ಫೇಲು. ಅವಕ್ಕೆ ‘ಫ್ಲೇಕಿ’ ಎಂದು ಹೆಸರು. ಅನೇಕ ಸಲ ಕಾರಣ ಹಿಂದಿನ ಪರೀಕ್ಷೆ ಬಿಟ್ಟ ಕಸವೇ. “ಇನ್ನೊಂದ್ಸಲ ಓಡ್ಸಿ ನೋಡು” ಅನ್ನುವುದು ಅಭ್ಯಾಸವಾದರೆ ನಿಜವಾದ ದೋಷವೂ ಅದರ ಮರೆಯಲ್ಲಿ ನುಸುಳಿ ಹೋಗುತ್ತದೆಯಂತೆ. ಆ ಅಭ್ಯಾಸ ಶುರುವಾಗುವುದು ನಮ್ಮ ಲ್ಯಾಬ್‌ಗಳಲ್ಲೇ ಅಲ್ಲವೇ?

ಹಾಗಾಗಿ ನಮ್ಮ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹೊಸ ವಿಷಯ ಬೇಡ, ಹೊಸ ಪುಸ್ತಕವೂ ಬೇಡ. ರೆಕಾರ್ಡ್‌ನಲ್ಲಿ ಔಟ್‌ಪುಟ್‌ನ ಕೆಳಗೆ ‘ಸ್ವಚ್ಛಗೊಳಿಸಿದ ವಿಧಾನ’ ಎಂದು ಇನ್ನೊಂದು ಸಾಲು ಸೇರಿಸಿ, ಅದಕ್ಕೆ ಒಂದೇ ಒಂದು ಅಂಕ ಇಡಿ. ಅಂಕ ಇದ್ದರೆ ನಾವು ಖಂಡಿತ ಮಾಡುತ್ತೇವೆ, ಅದು ನಿಮಗೂ ಗೊತ್ತು! ಇನ್ನು ಗೆಳೆಯ ಗೆಳತಿಯರೇ, ಮುಂದಿನ ಸಲ ಲ್ಯಾಬ್‌ನಲ್ಲಿ ಪರದೆ ಕೆಂಪಾದರೆ ನಿಮ್ಮ ಬುದ್ಧಿಯನ್ನು ಅನುಮಾನಿಸುವ ಮೊದಲು ಒಂದು ಕಮಾಂಡ್ ಕೊಟ್ಟು ಬ್ರಿಡ್ಜ್‌ಗಳ ಪಟ್ಟಿ ನೋಡಿ. ಅದರಲ್ಲಿ ನಿಮ್ಮದಲ್ಲದ್ದು ಏನಾದರೂ ಇದೆಯೇ?